ಒರೆಸದ ಮ್ಯಾಗ್ನೆಟ್

"ಸರ್ವೇಯರಮ್ಮ, ಇನ್ನೊಂಚೂರು ಒಳಗೆ ಹೋದ್ರೆ ನಿಮ್ಮನ್ನ ಎಳೆಯೋಕೂ ಕ್ರೇನ್ ತರಿಸ್ಬೇಕಾಗುತ್ತೆ," ಎಂದು ಇನ್ಸ್‌ಪೆಕ್ಟರ್ ಹೊರಗಿನಿಂದ ಕೂಗಿದರು.

ಸರ್ವೇಯರಮ್ಮ ಉತ್ತರ ಕೊಡಲಿಲ್ಲ. ಕೊಡುವ ಹಾಗೂ ಇರಲಿಲ್ಲ, ಟಾರ್ಚು ಹಲ್ಲಿನ ನಡುವೆ ಇತ್ತು. ಹರಿದ ರಟ್ಟಿನ ಮೇಲೆ ಅಂಗಾತ ಮಲಗಿ, ಮರದ ದಿಮ್ಮಿಗಳ ಮೇಲೆ ಎತ್ತಿ ಕೂರಿಸಿದ್ದ ಬೂದು ಕಾರಿನ ಹೊಟ್ಟೆಯನ್ನು ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಈ ಕಾರು ರೈಲ್ವೆ ಗೇಟಿನ ನಟ್ಟನಡುವೆ ನಿಂತುಬಿಟ್ಟಿತ್ತು. ಎಂಜಿನ್ ಓಡುತ್ತಿತ್ತು, ಚಕ್ರ ಮಾತ್ರ ತಿರುಗಲಿಲ್ಲ. ರೈಲು ಹಿಂಭಾಗಕ್ಕೆ ಬಡಿದು ಗಾಡಿಯನ್ನು ಪಕ್ಕಕ್ಕೆ ಎಸೆದಿತ್ತು. ಒಳಗಿದ್ದ ಶಾಲೆಯ ಹೆಡ್‌ಮಿಸ್ಟ್ರೆಸ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಗೇರ್ ಬಾಕ್ಸಿನ ತಳದಲ್ಲಿ ಆಯಿಲ್ ಇಳಿಸುವ ತೂತಿಗೆ ಹಾಕಿದ್ದ ಡ್ರೈನ್ ಪ್ಲಗ್ ಕಳಚಿ, ಆಯಿಲೆಲ್ಲ ದಾರಿಯುದ್ದಕ್ಕೂ ಸೋರಿಹೋಗಿತ್ತು.

"ಗುರುವಾರ ಗೇರ್ ಆಯಿಲ್ ಬದಲಾಯಿಸಿದ್ದು ನಾನೇ. ಪ್ಲಗ್ ಬಿಗಿ ಮಾಡೋಕೆ ಮರೆತೆ," ಎಂದು ಗ್ಯಾರೇಜಿನವನು ಪೊಲೀಸರ ಮುಂದೆ ಒಪ್ಪಿಕೊಂಡಿದ್ದ. ಆ ಗ್ಯಾರೇಜಿನವನು ಸರ್ವೇಯರಮ್ಮನ ಒಡಹುಟ್ಟಿದ ಅಣ್ಣ.

ಗುದ್ದಿಸಿಕೊಂಡ ಗಾಡಿಗಳನ್ನು ತಡವಿ, ಮೂಸಿ, ತಪ್ಪು ಯಾರದೆಂದು ಹೇಳುವುದು ವಿಮಾ ಕಂಪನಿಯಲ್ಲಿ ಅವಳ ಕೆಲಸ. ಅಣ್ಣನ ಹೆಸರು ಬಂದದ್ದೇ ತಡ, ಸಾಹೇಬರು ಫೈಲನ್ನು ಅವಳ ಮೇಜಿನಿಂದ ಎತ್ತಿಸಿದ್ದರು. ಇದರಲ್ಲಿ ಮೂಗು ತೂರಿಸಬೇಡಿ ಎಂದೂ ಹೇಳಿದ್ದರು. ಇಷ್ಟು ವರ್ಷ ಸಂಬಳ ಕೊಟ್ಟಿದ್ದೇ ಮೂಗು ತೂರಿಸಲು ಎಂಬುದು ಅವರಿಗೆ ಮರೆತುಹೋಗಿತ್ತೇನೋ. ಅವಳು ಒಂದು ದಿನ ರಜೆ ಬರೆದುಕೊಟ್ಟು ಸೀದಾ ಪೊಲೀಸ್ ಯಾರ್ಡಿಗೆ ಬಂದಿದ್ದಳು.

ಪ್ಲಗ್ ಇರಬೇಕಾದ ತೂತಿನ ಅಂಚಿಗೆ ಬೆರಳು ಹಾಕಿದಳು. ಒಂದು ಹನಿ ಅಂಟಿಕೊಂಡು ಬಂತು. ಮೂಗಿನ ಹತ್ತಿರ ತಂದಳು.

ಸುಟ್ಟ ವಾಸನೆ. ಬಾಣಲೆ ಸೀದುಹೋದಾಗ ಬರುವಂಥದ್ದು, ಅದರೊಳಗೆ ತುಸು ಸಿಹಿ. ಹಳೆಯ ಗೇರ್ ಆಯಿಲಿನ ವಾಸನೆ ಅವಳಿಗೆ ಹೊಸದೇನಲ್ಲ. ಆದರೆ ಈ ವಾಸನೆ ಮೊನ್ನೆ ಮೊನ್ನೆ ಎಲ್ಲೋ ಮೂಗಿಗೆ ಬಡಿದಿತ್ತು. ಯಾರ್ಡಿನಲ್ಲಲ್ಲ, ಅಣ್ಣನ ಗ್ಯಾರೇಜಿನಲ್ಲೂ ಅಲ್ಲ. ಸೋಪಿನ ಘಮದ ಜೊತೆ ಬಂದಿತ್ತು. ಎಲ್ಲಿ ಎಂದು ಎಷ್ಟು ತಡಕಿದರೂ ನೆನಪಾಗಲಿಲ್ಲ.

ತೆವಳಿಕೊಂಡು ಹೊರಗೆ ಬಂದು ಬೆರಳನ್ನು ಇನ್ಸ್‌ಪೆಕ್ಟರ್ ಮುಖದ ಮುಂದೆ ಹಿಡಿದಳು.

"ಯಾವ ಬಣ್ಣ ಸರ್?"

"ಕಪ್ಪು. ನನ್ನ ಹಣೆಬರಹದ ಬಣ್ಣ."

"ಇಂಥ ಆಟೊಮ್ಯಾಟಿಕ್ ಗಾಡಿಗೆ ಹಾಕೋ ಹೊಸ ಗೇರ್ ಆಯಿಲ್ ಕೆಂಪಗಿರುತ್ತೆ. ದಾಳಿಂಬೆ ಹಿಂಡಿದ ಹಾಗೆ. ಗುರುವಾರ ಹಾಕಿದ್ದು ಶನಿವಾರಕ್ಕೆ ಹೀಗಾಗಲ್ಲ."

ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ, ಆದರೆ ಪೆದ್ದರಲ್ಲ. ಬಾಯಲ್ಲಿದ್ದ ಕಡ್ಡಿಯನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸಿದರು.

"ಸೋರಿ ಸೋರಿ ಆಯಿಲ್ ಕಮ್ಮಿಯಾದ್ರೆ ಗೇರ್ ಬಾಕ್ಸ್ ಕಾಯುತ್ತೆ. ಕಾದ್ರೆ ಆಯಿಲ್ ಸುಟ್ಟು ಕಪ್ಪಾಗುತ್ತೆ. ನಮ್ಮ ಜೀಪಿನ ಮೆಕ್ಯಾನಿಕ್ ಬೆಳಿಗ್ಗೇನೇ ಅಂದ."

ಮಾತು ಸರಿಯಿತ್ತು. ಅವಳಿಗೆ ಅದು ಗೊತ್ತಿರಲಿಲ್ಲವೆಂದಲ್ಲ, ಅವರಿಗೆ ಗೊತ್ತಿರಲಾರದೆಂದು ಅಂದುಕೊಂಡಿದ್ದಳು.

"ಹಾಗಾದ್ರೆ ಚೇಂಬರ್ ಬಿಚ್ಚೋಣ ಸರ್. ನಿಮ್ಮ ಎದುರಿಗೇ. ಮೊದಲು ಫೋಟೋ ತೆಗೆಸಿ."

ಚೇಂಬರ್ ಎಂದರೆ ಗೇರ್ ಬಾಕ್ಸಿನ ತಳಕ್ಕೆ ಸುತ್ತ ಬೋಲ್ಟು ಹಾಕಿ ಕೂರಿಸಿದ ತಟ್ಟೆ. ಆಯಿಲ್ ನಿಲ್ಲುವುದು ಅದರಲ್ಲೇ. ಬರೀ ಪ್ಲಗ್ ತೆಗೆದು ಹಳೆಯದನ್ನು ಇಳಿಸಿ ಹೊಸದು ಸುರಿಯುವವರು ಊರು ತುಂಬ ಇದ್ದಾರೆ. ಅಣ್ಣನಿಗೆ ಅದು ಮುಖ ತೊಳೆಯದೆ ಪೌಡರ್ ಹಚ್ಚಿಕೊಂಡಂತೆ. ಅವನು ತಟ್ಟೆ ಬಿಚ್ಚುತ್ತಾನೆ, ಫಿಲ್ಟರ್ ಬದಲಾಯಿಸುತ್ತಾನೆ, ತಟ್ಟೆಯ ತಳದಲ್ಲಿ ಕೂತಿರುವ ಬಿಸ್ಕತ್ತಿನಗಲದ ಮ್ಯಾಗ್ನೆಟ್ಟನ್ನು ಎತ್ತಿ ಕನ್ನಡಿಯಂತೆ ಹೊಳೆಯುವ ತನಕ ಒರೆಸುತ್ತಾನೆ. ಸವೆದ ಗೇರುಗಳ ಕಬ್ಬಿಣದ ಪುಡಿಯನ್ನೆಲ್ಲ ಹಿಡಿದಿಟ್ಟುಕೊಳ್ಳುವುದು ಆ ಮ್ಯಾಗ್ನೆಟ್. ಈ ನಿಧಾನಕ್ಕಾಗಿಯೇ ಗಿರಾಕಿಗಳು ಅವನಿಗೆ ನಿಧಾನಣ್ಣ ಎಂದು ಹೆಸರಿಟ್ಟಿದ್ದರು. ಫೋನನ್ನೂ ಅವನು ಅದು ಹೊಡೆದುಕೊಂಡು ಸುಸ್ತಾದ ಮೇಲೆಯೇ ಎತ್ತುವುದು.

ಅವಳು ಮತ್ತೆ ರಟ್ಟಿನ ಮೇಲೆ ಮಲಗಿದಳು. ಬೋಲ್ಟುಗಳ ತಲೆಯ ಮೇಲೆ ಹಳದಿ ಬಣ್ಣದ ಚುಕ್ಕೆಗಳಿದ್ದವು. ಕಾರು ಫ್ಯಾಕ್ಟರಿಯಲ್ಲಿ ತಯಾರಾದಾಗ ಹಚ್ಚಿದ್ದು. ಒಂದೇ ಒಂದು ಚುಕ್ಕೆಯೂ ಒಡೆದಿರಲಿಲ್ಲ.

ಅವಳ ಎದೆ ಹಗುರಾಯಿತು. ಈ ತಟ್ಟೆಯನ್ನು ಯಾರೂ, ಎಂದೂ, ಬಿಚ್ಚಿಲ್ಲ.

ಬೋಲ್ಟುಗಳು ಒಂದೊಂದಾಗಿ ಬಂದವು. ತಟ್ಟೆ ಕೈಗೆ ಬಂತು. ಮೂಲೆಯಲ್ಲಿ ನಿಂತಿದ್ದ ಆಯಿಲ್ ಕಷಾಯದಂತಿತ್ತು. ಮ್ಯಾಗ್ನೆಟ್ ಇದೆ ಎಂದು ಹುಡುಕಿ ತಿಳಿಯಬೇಕಾಯಿತು. ಅದರ ಮೈತುಂಬ ಕಾಡಿಗೆಯಂಥ ನುಣುಪಾದ ಕಪ್ಪು, ಉಗುರಿನಿಂದ ಕೆರೆದರೆ ಉಗುರೇ ಮುಚ್ಚಿಹೋಗುವಷ್ಟು ದಪ್ಪ.

"ಇದು ವರ್ಷಗಳ ಕೊಳೆ ಸರ್. ಹೆಡ್‌ಮಿಸ್ಟ್ರೆಸ್ ಈ ಗಾಡಿ ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ಗೇರ್ ಆಯಿಲ್ ಬದಲಾಯಿಸಿ ಮೇಡಂ ಅಂತ ಅಣ್ಣ ಹೇಳ್ತಾನೇ ಇದ್ದ, ಅವರು ಮುಂದಿನ ತಿಂಗಳು ಅಂತಾನೇ ಇದ್ರು. ಅಣ್ಣ ಇದನ್ನ ಮುಟ್ಟೇ ಇಲ್ಲ. ಮುಟ್ಟದೆ ಇರೋ ಪ್ಲಗ್ಗನ್ನ ಬಿಗಿ ಮಾಡೋಕೆ ಮರೆಯೋದು ಹೇಗೆ?"

ಗೆದ್ದೆ ಎಂದುಕೊಂಡು ತಲೆಯೆತ್ತಿದಳು. ಇನ್ಸ್‌ಪೆಕ್ಟರ್ ಮುಖದಲ್ಲಿ ಗೆಲುವಿರಲಿಲ್ಲ. ಕಡ್ಡಿಯನ್ನು ಬಾಯಿಂದ ತೆಗೆದು ಬಿಸಾಡಿದರು.

"ತಾಯಿ, ನೀವು ಏನು ಮಾಡಿದ್ರಿ ಗೊತ್ತಾ?"

"ಅಣ್ಣನ್ನ ಉಳಿಸಿದೆ."

"ಇಲ್ಲ. ಇಷ್ಟು ಹೊತ್ತು ಅದು ಮರೆವು. ಅಜಾಗರೂಕತೆ. ಜಾಮೀನು ಸಿಗ್ತಿತ್ತು. ಈಗ? ಆಯಿಲ್ ಬದಲಾಯಿಸೇ ಇಲ್ಲ, ಬದಲಾಯಿಸಿದೆ ಅಂತ ಸುಳ್ಳು ಹೇಳಿದಾರೆ. ಪ್ಲಗ್ ಮಾತ್ರ ಸಡಿಲ ಆಗಿದೆ. ಮರೆತು ಸಡಿಲ ಆಗಿಲ್ಲ ಅಂದ್ರೆ ಬೇಕು ಅಂತ್ಲೇ ಆಗಿದೆ. ಇದನ್ನ ಕೊಲೆ ಯತ್ನ ಅಂತಾರೆ."

ಅವಳ ಕೈಯಲ್ಲಿದ್ದ ತಟ್ಟೆ ಓರೆಯಾಗಿ ಕಪ್ಪು ಆಯಿಲ್ ಸೀರೆಯ ಮೇಲೆ ಚೆಲ್ಲಿತು.

"ಅವನ್ಯಾಕೆ ಹಾಗೆ ಮಾಡ್ತಾನೆ? ಅವರಿಗೂ ಅವನಿಗೂ ಏನು ಜಗಳ? ಹೆಡ್‌ಮಿಸ್ಟ್ರೆಸ್ ಕೆಲಸದಿಂದ ತೆಗೆದ ಅವರ ಡ್ರೈವರನ್ನ ಕೇಳಿದ್ರಾ? ಹೋಗೋವಾಗ ಶಾಪ ಹಾಕಿಕೊಂಡೇ ಹೋಗಿದಾನೆ."

"ಅವನನ್ನೂ ಹುಡುಕ್ತಾ ಇದೀವಿ. ಆದ್ರೆ ಅವನು ನಾನೇ ಮಾಡಿದ್ದು ಅಂತ ಬರೆದುಕೊಟ್ಟಿಲ್ಲ. ನಿಮ್ಮಣ್ಣ ಕೊಟ್ಟಿದಾರೆ. ಗುರುವಾರ ಗ್ಯಾರೇಜಲ್ಲಿ ಗೇರ್ ಆಯಿಲ್ ಬದಲಾಯಿಸಿದ್ದಾರೆ ಅಂತ ಸ್ಕೂಲಿನವರೇ ಬಂದು ಹೇಳಿದ್ರು. ಕೇಳಿದ್ದಕ್ಕೆ ಇವರೂ ಹೌದು ಅಂದ್ರು. ನಾನೇನು ಮಾಡ್ಲಿ?" ಅವರು ಟೋಪಿ ಸರಿಮಾಡಿಕೊಂಡರು. "ಐದು ಗಂಟೆಗೆ ಗ್ಯಾರೇಜಿಗೆ ಬರ್ತೀನಿ. ಅಷ್ಟರೊಳಗೆ ಅವರ ಬಾಯಿ ಬಿಡಿಸಿ. ಆಮೇಲೆ ನನ್ನ ಕೈಲೂ ಇರಲ್ಲ."

ಮ್ಯಾಗ್ನೆಟ್ಟನ್ನು ಪಂಚನಾಮೆ ಮುಗಿಸಿ ಅವರೇ ತೆಗೆದುಕೊಂಡರು. ಬೆರಳಿಗಂಟಿದ ಕಪ್ಪು ಮಾತ್ರ ಅವಳ ಪಾಲಿಗೆ ಉಳಿಯಿತು.

* * *

ಗ್ಯಾರೇಜಿನ ದಾರಿಯಲ್ಲಿ ಫೋನ್ ಬಂತು. ಗಾಡಿಯನ್ನು ಪಕ್ಕಕ್ಕೆ ಹಾಕಿ ಎತ್ತಿಕೊಂಡಳು. ಅವಳ ಗಂಡ.

ಅವರು ಅದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಹೆಡ್‌ಮಿಸ್ಟ್ರೆಸ್ ಆಸ್ಪತ್ರೆ ಸೇರಿದ ಮೇಲೆ ಶಾಲೆಯ ಹೊಣೆಯೆಲ್ಲ ಅವರ ತಲೆಯ ಮೇಲೆ ಬಿದ್ದಿತ್ತು. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಹೆಡ್‌ಮಿಸ್ಟ್ರೆಸ್‌ಗೆ ಹತ್ತಿರದವರು ಯಾರೂ ಇರಲಿಲ್ಲವಾದ್ದರಿಂದ ಶಿಕ್ಷಕರೇ ಸರದಿಯಂತೆ ಆಸ್ಪತ್ರೆಯಲ್ಲಿ ಕೂರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕೂತವರು ಇವರೇ.

"ಎಲ್ಲಿದೀಯಾ?"

"ಯಾರ್ಡಿಂದ ಈಗ ಹೊರಟೆ ಕಣ್ರಿ."

"ಹೋಗ್ಬೇಡ ಅಂದಿದ್ನಲ್ಲ. ಅಣ್ಣನ ವಿಷಯ, ನಿಂಗೆ ತಡ್ಕೊಳ್ಳೋಕಾಗಲ್ಲ. ಪಾಪ, ಮನುಷ್ಯ ಅಂದ್ಮೇಲೆ ಮರೆವು ಇದ್ದದ್ದೇ. ಒಳ್ಳೆ ವಕೀಲರನ್ನ ನಾನೇ ನೋಡ್ತೀನಿ."

ಮದುವೆಯಾದಾಗಿನಿಂದ ಕಷ್ಟಕ್ಕೆ ಆಗುವ ಮನುಷ್ಯ.

"ಅಣ್ಣ ಮರೆತಿಲ್ಲ ರೀ. ಅವನು ಆ ಗೇರ್ ಬಾಕ್ಸ್ ಮುಟ್ಟೇ ಇಲ್ಲ. ಮ್ಯಾಗ್ನೆಟ್ ಮೇಲೆ ವರ್ಷಗಳ ಕೊಳೆ ಕೂತಿದೆ. ಆಯಿಲ್ ಬದಲಾಯಿಸಿದೆ ಅಂದಿದ್ದು ಶುದ್ಧ ಸುಳ್ಳು."

ಆ ಕಡೆ ದೂರದಲ್ಲಿ ಮಕ್ಕಳ ಗದ್ದಲ, ಯಾರೋ ಬೆಂಚು ಎಳೆದ ಸದ್ದು.

"ಹಾಗಾದ್ರೆ ನಂಗೆ ಸುಳ್ಳು ಹೇಳಿದ್ರಾ?"

"ನಿಮಗೊಬ್ಬರಿಗೇನು, ಪೊಲೀಸರಿಗೂ ಹೇಳಿದಾನೆ. ಹೋಗಿ ಕೇಳ್ತೀನಿ ಇರಿ, ಕಿವಿ ಹಿಂಡ್ತೀನಿ."

"ಹ್ಞೂಂ... ಕೇಳು. ಏನಂದ್ರು ಅಂತ ನಂಗೂ ಹೇಳು. ಮಗಳನ್ನ ಪಕ್ಕದ ಮನೇಲಿ ಬಿಟ್ಟು ನಾನು ಆಸ್ಪತ್ರೆಗೆ ಹೊರಟೆ."

ಫೋನ್ ಕಟ್ಟಾಯಿತು. ಗಾಡಿ ಮುಂದೆ ಬಿಟ್ಟಳು.

* * *

ಗ್ಯಾರೇಜಿನ ಬಾಗಿಲಲ್ಲಿ ಅತ್ತಿಗೆ ಸಿಕ್ಕಳು. ಟಯರಿನ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ನಾದಿನಿಯನ್ನು ಕಂಡೊಡನೆ ಎದ್ದು ಕೈ ಹಿಡಿದು ಪಕ್ಕಕ್ಕೆ ಎಳೆದಳು.

"ನೀನಾದ್ರೂ ಕೇಳೇ. ನಂಗೆ ತಲೆ ಕೆಟ್ಟುಹೋಗಿದೆ. ಗುರುವಾರ ಇಡೀ ದಿನ ನಾನು ಇಲ್ಲೇ ಇದ್ದೆ. ಆ ಗಾಡಿ ಬಂದೇ ಇಲ್ಲ ಕಣೇ."

"ಬಂದೇ ಇಲ್ವಾ?"

"ಅದರ ನೆರಳೂ ಬಂದಿಲ್ಲ. ಅದನ್ನ ಹೇಳೋಕೆ ಹೋದ್ರೆ ಬಾಯಿ ಮುಚ್ಚು ಅಂದ್ರು. ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮ್ಮಣ್ಣ ನಂಗೆ ಹಾಗಂದಿದ್ದು ಇದೇ ಮೊದಲು. ಬೈದಿದ್ದಕ್ಕಲ್ಲ, ಹಾಗಂದು ತಾವೇ ಅತ್ತುಬಿಟ್ರು. ಅದಕ್ಕೇ ನಂಗೆ ಭಯ."

ಅಣ್ಣ ಗುಂಡಿಯೊಳಗೆ ನಿಂತಿದ್ದ. ಮೇಲೆ ಯಾರದೋ ಬಿಳಿ ಕಾರು, ಕೆಳಗೆ ನೇತುಹಾಕಿದ ಬಲ್ಬು, ನಡುವೆ ಅವನ ನರೆತ ತಲೆ. ಪೊಲೀಸರು ಯಾವಾಗ ಬೇಕಾದರೂ ಬರಬಹುದೆಂದು ಗೊತ್ತಿದ್ದೂ ಗಿರಾಕಿಯ ಗೇರ್ ಆಯಿಲ್ ಬದಲಾಯಿಸುತ್ತಿದ್ದ. ಮೊದಲೇ ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿಕೊಂಡಿದ್ದ. ತಣ್ಣಗಿನ ಆಯಿಲ್ ಸೋಮಾರಿ, ಪೂರ್ತಿ ಇಳಿಯುವುದಿಲ್ಲ ಎಂಬುದು ಅವನ ಮಾತು. ಕಂದುಬಣ್ಣದ ಧಾರೆ ಡಬ್ಬಿಗೆ ಇಳಿಯುತ್ತಿತ್ತು.

ಅವಳು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಬಂದ್ಯಾ ಮೂಗಿ?"

ಚಿಕ್ಕಂದಿನಿಂದ ಅವನು ಕರೆಯುವುದೇ ಹಾಗೆ. ಮೂಗು ದೊಡ್ಡದಿದ್ದುದಕ್ಕೆ ಮೂಗಿ. ಒಂದು ಗಳಿಗೆಯೂ ಬಾಯಿ ಸುಮ್ಮನಿಲ್ಲದವಳಿಗೆ ಮಾತು ಬಾರದವಳ ಹೆಸರಿಟ್ಟೆ ಎಂದು ಆಗೆಲ್ಲ ತಾನೇ ನಗುತ್ತಿದ್ದ. ಇವತ್ತು ನಗಲಿಲ್ಲ.

"ಬಂದೆ. ಕೆಲಸ ಮುಗಿಸು. ನಾನು ನೋಡ್ತೀನಿ."

ಅವನು ಮಾಡಿದ, ಅವಳು ನೋಡಿದಳು. ಧಾರೆ ಹನಿಯಾಯಿತು. ತಟ್ಟೆ ಬಿಚ್ಚಿದ. ಮ್ಯಾಗ್ನೆಟ್ ಎತ್ತಿ, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಬಲ್ಬಿನ ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದ. ಫಿಲ್ಟರ್ ಕೂರಿಸಿ ತಟ್ಟೆಯನ್ನು ಮೇಲಕ್ಕೆತ್ತಿ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದ. ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಮೊದಲು ಬೆರಳಿನಿಂದ, ಆಮೇಲೆ ಸ್ಪ್ಯಾನರಿನಿಂದ ತಿರುಗಿಸಿದ. ಒರೆಸಿದ. ಮತ್ತೆ ಸ್ಪ್ಯಾನರ್ ಹಾಕಿ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದ. ಎಲ್ಲ ಮುಗಿಸಿ ಮೆಟ್ಟಿಲ ಕಡೆ ತಿರುಗಿದವನು ಏನೋ ನೆನಪಾದಂತೆ ಹಿಂದೆ ಬಂದು ಮೂರನೆಯ ಸಲ ಮುಟ್ಟಿ ನೋಡಿದ.

"ಇದನ್ನೇನಾ ಮರೆತೆ ಅಂದಿದ್ದು?" ಎಂದಳು.

ಅವನ ಕೈ ಪ್ಲಗ್ಗಿನ ಮೇಲೆಯೇ ನಿಂತಿತು.

"ಮನೆಗೆ ಬೀಗ ಹಾಕಿ ಜಗ್ಗಿ ನೋಡಿ, ಬೀದಿ ತುದಿಯಿಂದ ವಾಪಸ್ ಬಂದು ಮತ್ತೆ ಜಗ್ಗೋನು ನೀನು. ಮರೆತೆ ಅಂತ ಯಾರ ಕಿವಿ ಮೇಲೆ ಹೂವು ಇಡ್ತಿದೀಯಾ?"

"ವಯಸ್ಸಾಯ್ತು ಮೂಗಿ."

"ಚೇಂಬರ್ ಬಿಚ್ಚಿದ್ಯಾ?"

"ಹ್ಞೂಂ."

"ಮ್ಯಾಗ್ನೆಟ್ ಒರೆಸಿದ್ಯಾ?"

"ಒರೆಸದೆ ಇರ್ತೀನಾ?"

ಅವಳು ಬೆರಳು ಚಾಚಿದಳು. ಉಗುರಿನ ಸಂದಿಯಲ್ಲಿ ಕಾಡಿಗೆಯಂಥ ಕಪ್ಪು ಇನ್ನೂ ಇತ್ತು.

"ಬೆಳಿಗ್ಗೆ ಆ ಗಾಡಿ ಮ್ಯಾಗ್ನೆಟ್ ಮೇಲಿಂದ ಕೆರೆದಿದ್ದು. ನೋಡು. ನಿನ್ನ ಕಸುಬಿನ ಮೇಲೆ ಆಣೆ ಇಟ್ಟು ಹೇಳು, ಇದು ನೀನು ಒರೆಸಿದ ಮ್ಯಾಗ್ನೆಟ್ಟಾ?"

ಅವನು ನೋಡಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖವಾಗಲಿಲ್ಲ ಅವನದು, ಅವಮಾನವಾದವನ ಮುಖವಾಯಿತು. ಕೆಲಸ ಹೀಗೆ ಮಾಡಿದ್ದಾನೆಂದು ಜನ ಅಂದುಕೊಳ್ಳುತ್ತಾರಲ್ಲ ಎಂಬುದು ಅವನಿಗೆ ಈಗ ಹೊಳೆದಂತಿತ್ತು. ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಕೈ ಶುದ್ಧವಾದ ಮೇಲೂ ಒರೆಸುತ್ತಲೇ ಇದ್ದ.

"ಇನ್ಸ್‌ಪೆಕ್ಟರ್‌ಗೆ ಗೊತ್ತಾಯ್ತಾ?"

"ಗೊತ್ತಾಯ್ತು. ಈಗ ಮರೆವು ಅನ್ನಲ್ಲ ಅವರು, ಕೊಲೆ ಯತ್ನ ಅಂತಾರೆ. ಐದು ಗಂಟೆಗೆ ಬರ್ತಾರೆ. ಅಣ್ಣಾ, ಯಾರದ್ದೋ ತಪ್ಪು ಮೈಮೇಲೆ ಹಾಕ್ಕೊಂಡು ಜೈಲಿಗೆ ಹೋಗ್ಬೇಡ. ಅತ್ತಿಗೆ ಮುಖ ನೋಡು. ಗಾಡಿ ಬರಲೇ ಇಲ್ಲ ಅಂದ್ಮೇಲೆ ಬಂತು ಅಂತ ಯಾಕೆ ಹೇಳ್ದೆ?"

ಅವನು ಹೊಸ ಆಯಿಲಿನ ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಕಾರಿನ ಬಾನೆಟ್ ಎತ್ತಿ, ಆಲಿಕೆ ಇಟ್ಟು ನಿಧಾನವಾಗಿ ಸುರಿಯತೊಡಗಿದ. ಕೆಂಪು ಧಾರೆ ಬೆಳಕಿನಲ್ಲಿ ಹೊಳೆಯಿತು. ಸುರಿಯುವಾಗ ತಂಗಿಯ ಮುಖ ನೋಡಬೇಕಿರಲಿಲ್ಲ, ಅದು ಅವನಿಗೆ ಅನುಕೂಲವಾಯಿತು.

"ಮೇಡಂ ಕೇಳ್ಕೊಂಡಿದ್ರು."

"ಯಾವ ಮೇಡಂ?"

"ಹೆಡ್‌ಮಿಸ್ಟ್ರೆಸ್. ಬುಧವಾರ ಬಂದ್ರು. ನಾಳೆ ನಾನು ಬೇರೆ ಊರಿಗೆ ಹೋಗ್ಬೇಕು, ಗಾಡಿ ನಿಮ್ಮ ಹತ್ರ ಇದೆ ಅಂತ ಸ್ಕೂಲಲ್ಲಿ ಹೇಳಿರ್ತೀನಿ, ಯಾರಾದ್ರೂ ಕೇಳಿದ್ರೆ ಹೌದು ಅನ್ನಿ ಅಂದ್ರು. ಇಡೀ ದಿನ ಹಿಡಿಯೋ ಕೆಲಸ ಏನಿದೆ ಅಂತ ನನ್ನನ್ನೇ ಕೇಳಿದ್ರು. ಗೇರ್ ಆಯಿಲ್ ಅಂದೆ. ಬಿಸಿ ಮಾಡ್ಬೇಕು, ಇಳಿಸ್ಬೇಕು, ತುಂಬಿಸಿ ಎಲ್ಲಾ ಗೇರಿಗೂ ಹಾಕಿ ನೋಡಿ ಮತ್ತೆ ಅಳೀಬೇಕು, ನನ್ನ ಕೈಯಲ್ಲಿ ದಿನ ಬೇಕು ಅಂದೆ. ನಕ್ಕರು. ಹಾಗೇ ಹೇಳಿ ನಿಧಾನಣ್ಣ ಅಂದ್ರು."

"ಎಲ್ಲಿಗೆ ಹೋಗಿದ್ದು? ಯಾಕೆ ಕದ್ದು?"

"ಸ್ಕೂಲಲ್ಲಿ ಒಬ್ಬರ ಬಗ್ಗೆ ಮೇಲಿನವರ ಹತ್ರ ಮಾತಾಡ್ಬೇಕು, ಅದು ಅವರಿಗೆ ಗೊತ್ತಾಗ್ಬಾರ್ದು ಅಂದ್ರು. ಯಾರು ಅಂತ ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು."

ಸರ್ವೇಯರಮ್ಮನ ತಲೆ ಈಗ ಓಡತೊಡಗಿತ್ತು. ಎದ್ದು ಅವನ ಸುತ್ತ ಒಂದು ಸುತ್ತು ಹಾಕಿದಳು. ಯೋಚನೆ ಬಂದರೆ ಕಾಲು ನಿಲ್ಲುವುದಿಲ್ಲ ಅವಳಿಗೆ.

"ಅಣ್ಣಾ, ಕೇಳು. ಗಾಡಿ ಕೆಡಿಸೋನಿಗೆ ಬ್ರೇಕಿದೆ, ಸ್ಟೇರಿಂಗ್ ಇದೆ. ಅದೆಲ್ಲ ಬಿಟ್ಟು ಗೇರ್ ಬಾಕ್ಸ್ ಪ್ಲಗ್ಗಿಗೇ ಯಾಕೆ ಕೈ ಹಾಕಿದ?"

ಅವನು ಓರೆಯಾಗಿದ್ದ ಆಲಿಕೆಯನ್ನು ನೆಟ್ಟಗೆ ಮಾಡಿದ.

"ಯಾಕಂದ್ರೆ ಆಯಿಲ್ ಈಗ ತಾನೇ ಬದಲಾಗಿದೆ ಅಂತ ಅವನು ನಂಬಿದ್ದ. ಪ್ಲಗ್ ಬಿದ್ದುಹೋದ್ರೆ ಎಲ್ಲರೂ ಮೆಕ್ಯಾನಿಕ್ಕನ್ನೇ ಹಿಡೀತಾರೆ ಅಂತ ಲೆಕ್ಕ ಹಾಕಿದ್ದ. ಅಂದ್ರೆ ಏನು? ನೀನು ಹೇಳಿದ ಸುಳ್ಳನ್ನ ಯಾರು ನಂಬಿದ್ರೋ ಅವರೇ ಪ್ಲಗ್ ಸಡಿಲ ಮಾಡಿದ್ದು!" ಅವಳ ಕಣ್ಣು ಹೊಳೆಯುತ್ತಿತ್ತು. "ಮೇಡಂ ಸ್ಕೂಲಲ್ಲಿ ಗೇರ್ ಆಯಿಲ್ ಅಂತ ಹೇಳಿದ್ರಾ?"

"ಇಲ್ಲ. ಗ್ಯಾರೇಜಲ್ಲಿದೆ ಅಂತಷ್ಟೇ ಹೇಳಿರ್ತೀನಿ ಅಂದಿದ್ರು."

"ಹಾಗಾದ್ರೆ ಗೇರ್ ಆಯಿಲ್ ಅನ್ನೋ ಮಾತು ಹೊರಗೆ ಬಂದಿದ್ದು ನಿನ್ನ ಬಾಯಿಂದ ಮಾತ್ರ. ಎಷ್ಟು ಜನಕ್ಕೆ ಹೇಳ್ದೆ?"

ಡಬ್ಬಿ ಖಾಲಿಯಾಗಿತ್ತು. ಅವನು ಇನ್ನೂ ಬಗ್ಗಿಸಿ ಹಿಡಿದೇ ಇದ್ದ. ಕೊನೆಯ ಹನಿಗಳು ಆಲಿಕೆಯೊಳಗೆ ಬಿದ್ದವು.

"ಒಬ್ರಿಗೆ."

"ಆ ಡ್ರೈವರಿಗಾ?"

"ಅವನ ಮುಖ ನೋಡಿ ತಿಂಗಳಾಯ್ತು."

"ಮತ್ಯಾರಿಗೆ?"

"ಬಿಟ್ಟುಬಿಡು ಮೂಗಿ. ಮರೆತೆ ಅಂದಿದೀನಿ, ಬರೆದುಕೊಟ್ಟಿದೀನಿ. ಮೇಡಂ ಹುಷಾರಾದ್ರೆ ದೊಡ್ಡ ಶಿಕ್ಷೆ ಏನೂ ಆಗಲ್ಲ. ಒಳಗಿದ್ದು ಬರ್ತೀನಿ. ನಂಗೇನು, ಮಕ್ಕಳಾ ಮರಿಯಾ."

"ಯಾರಿಗೆ ಹೇಳ್ದೆ?"

"ನಿಂಗೆ ಮಗು ಇದೆ."

ಅವನೇನು ಹೇಳಿದನೆಂದು ಅವಳಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದು ಬೇಡವೆಂದು ಮನಸ್ಸು ಹಟ ಹಿಡಿಯಿತು. ನನ್ನ ಮಗುವಿಗೂ ಇದಕ್ಕೂ ಏನು ಸಂಬಂಧ ಎಂದು ಜೋರುಮಾಡಲು ಬಾಯಿ ತೆರೆದಳು. ಆಗ ಅಣ್ಣನ ಮುಖ ಕಂಡಿತು.

ಅವನು ಅಳುತ್ತಿದ್ದ. ಆಯಿಲ್ ಮೆತ್ತಿದ ಮುಂಗೈಯಿಂದ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಯುದ್ದಕ್ಕೂ ಕೆಂಪು ಬಳಿದುಕೊಂಡ.

"ಆ ಸಂಬಂಧ ಹುಡುಕಿದ್ದು ನಾನು. ನೀನು ಈಗಲೇ ಬೇಡ ಅಂದಿದ್ದೆ. ಒಳ್ಳೆಯೋರು, ಓದಿದೋರು, ಮೇಷ್ಟ್ರು ಅಂತ ಒಪ್ಪಿಸಿದ್ದು ನಾನು. ಗುರುವಾರ ಮಧ್ಯಾಹ್ನ ಫೋನ್ ಬಂತು. ಹೆಡ್‌ಮಿಸ್ಟ್ರೆಸ್ ಗಾಡಿ ನಿಜವಾಗ್ಲೂ ನಿಮ್ಮಲ್ಲಿದೆಯಾ ಅಂತ ಕೇಳಿದ್ರು. ಇದೆ ಅಂದೆ. ಏನು ಕೆಲಸ ಅಂದ್ರು. ಗೇರ್ ಆಯಿಲ್ ಇಳಿಸಿದೀನಿ ಅಂದೆ. ಆ ಪ್ಲಗ್ ಎಲ್ಲಿರುತ್ತೆ, ಸಡಿಲ ಇದ್ರೆ ಏನಾಗುತ್ತೆ ಅಂತೆಲ್ಲ ಕೇಳಿದ್ರು. ಮಕ್ಕಳಿಗೆ ಪಾಠ ಮಾಡೋಕೆ ಅಂದ್ರು. ನಾನು ಪೆದ್ದ, ಎಲ್ಲಾ ಬಿಡಿಸಿ ಬಿಡಿಸಿ ಹೇಳ್ದೆ." ಅವನು ಉಸಿರೆಳೆದುಕೊಂಡ. "ನಿಮ್ಮನೆಯವರು, ಮೂಗಿ."

ಹಾಗಾದ್ರೆ ನಂಗೆ ಸುಳ್ಳು ಹೇಳಿದ್ರಾ?

ನಮಗೆ ಎನ್ನಲಿಲ್ಲ. ಪೊಲೀಸರಿಗೆ ಎನ್ನಲಿಲ್ಲ. ನಂಗೆ ಎಂದರು. ಅವಳು ಅದರ ಮೇಲೆ ತಮಾಷೆ ಮಾಡಿ ಮುಂದೆ ಹೋಗಿದ್ದಳು.

ಆ ವಾಸನೆ ಎಲ್ಲಿತ್ತೆಂದು ಈಗ ತಾನಾಗಿಯೇ ನೆನಪಾಯಿತು. ಬಚ್ಚಲುಮನೆಯ ಬಕೆಟ್ಟಿನಲ್ಲಿ. ಶುಕ್ರವಾರ ತಡವಾಗಿ ಬಂದವರು ಅಂಗಿಯನ್ನು ತಾವೇ ನೆನೆಹಾಕಿದ್ದರು. ಎಂದೂ ಒಂದು ಕರವಸ್ತ್ರ ಹಿಂಡಿದವರಲ್ಲ. ಶಾಲೆಯ ಜನರೇಟರ್ ಕೆಟ್ಟಿತ್ತು, ಡೀಸೆಲ್ ತಾಗಿತು ಎಂದಿದ್ದರು. ತೋಳಿನ ಕಲೆ ಉಜ್ಜುವಾಗ ಅದು ಡೀಸೆಲ್ ಅಲ್ಲ ಎಂದು ಮೂಗು ಹೇಳಿತ್ತು. ಗಂಡನ ಅಂಗಿಯೆಂದು ಅವಳು ಮೂಗಿನ ಮಾತು ಕೇಳಲಿಲ್ಲ. ಆ ಅಂಗಿ ಈಗ ಇಸ್ತ್ರಿಯಾಗಿ ಬೀರುವಿನಲ್ಲಿ ನೇತಾಡುತ್ತಿದೆ. ಕಲೆ ಹೋಗುವ ತನಕ ಉಜ್ಜಿದವಳು ಅವಳೇ.

ಟೂಲ್ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಅಣ್ಣ ಅವಳ ತಲೆಯ ಮೇಲೆ ಕೈಯಿಡಲು ಬಂದು, ಕೈ ಕೊಳೆಯಾಗಿದೆಯೆಂದು ಹಿಂದೆಗೆದುಕೊಂಡ.

"ಇನ್ಸ್‌ಪೆಕ್ಟರ್ ಬಂದ್ರೆ ನಾನೇ ಅಂತ ಹೇಳ್ತೀನಿ. ನೀನು ಏನೂ ಕೇಳಿಸಿಕೊಂಡಿಲ್ಲ."

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಅವಳ ಕೈ ತಾನಾಗಿಯೇ ಎತ್ತಿ ಕಿವಿಗಿಟ್ಟುಕೊಂಡಿತು.

"ಒಳ್ಳೆ ಸುದ್ದಿ ಕಣೇ," ಎಂದರು ಗಂಡ. ದನಿ ಮೆಲ್ಲಗಿತ್ತು, ಮಲಗಿದವರ ಪಕ್ಕದಲ್ಲಿ ಕೂತವರ ದನಿ. "ಮೇಡಂ ಕಣ್ಣು ಬಿಟ್ರು. ಏನೋ ಹೇಳೋಕೆ ನೋಡ್ತಿದಾರೆ, ಮಾತು ಬರ್ತಿಲ್ಲ ಇನ್ನೂ. ನರ್ಸು ಡಾಕ್ಟರನ್ನ ಕರೆಯೋಕೆ ಹೋದ್ರು. ಈಗ ರೂಮಲ್ಲಿ ನಾನೊಬ್ಬನೇ ಇದೀನಿ."

ಅವಳ ಬಾಯಿ ತೆರೆದುಕೊಂಡಿತು. ಸದ್ದು ಬರಲಿಲ್ಲ.

ಹೊರಗೆ ಪೊಲೀಸ್ ಜೀಪು ಬಂದು ನಿಂತ ಸದ್ದಾಯಿತು. ಅತ್ತಿಗೆ ಗಾಬರಿಯಿಂದ ಎದ್ದು ನಿಂತಳು. ಅಣ್ಣ ಕೈ ಒರೆಸಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲ ಕಡೆ ಹೆಜ್ಜೆ ಇಟ್ಟ.

"ಹಲೋ? ಕೇಳಿಸ್ತಾ ಇದೆಯಾ? ಗ್ಯಾರೇಜಲ್ಲೇ ಇದೀಯಲ್ಲ?" ಗಂಡನ ದನಿಯಲ್ಲಿ ಅವಸರವೇ ಇರಲಿಲ್ಲ. ಹಿಂದೆ ಯಾರೋ ಕಷ್ಟಪಟ್ಟು ಉಸಿರೆಳೆಯುತ್ತಿರುವುದು ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. "ಹೇಳು, ಆ ಗೇರ್ ಆಯಿಲ್ ವಿಷಯ ನಿಮ್ಮಣ್ಣ ಯಾರ ಹತ್ರ ಹೇಳಿದ್ರಂತೆ?"